ಆಸೆಪಡುವ ಹಕ್ಕು ಯಾರದು?

‘ಹಾಸಿಗೆ ಇದ್ದಷ್ಟು ಕಾಲು ಚಾಚು’, ‘ಅತಿ ಆಸೆ ಗತಿಗೇಡು’ – ಇವು ನಮಗೆಲ್ಲ ಎಳವೆಯಲ್ಲಿ ಹಿರಿಯರು ಹೇಳಿಕೊಟ್ಟ ಗಾದೆಗಳು. ಊರು ಬಿಡುವಾಗ ಟ್ರಂಕಿನಲ್ಲಿ ಹಪ್ಪಳ, ಉಪ್ಪಿನಕಾಯಿಗಳ ಜೊತೆಗೆ ಇವನ್ನೂ ಕಟ್ಟಿಕೊಂಡು ಬಂದೆವು. ಆದರೆ ನಿಜ ಹೇಳಬೇಕೆಂದರೆ ನಾವಾರೂ ಅವನ್ನು ಪಾಲಿಸಿದವರಲ್ಲ. ಪಾಲಿಸಿದ್ದರೆ ಮುಂಬಯಿಗೆ ಬರುವ ಪ್ರಸಂಗವೇ ಇರಲಿಲ್ಲ. ಹಾಸಿಗೆ ಸಾಲದೆಂದೇ ಊರು ಬಿಟ್ಟವರು ನಾವು. ಅದಕ್ಕಾಗಿ ನಮ್ಮನ್ನು ಯಾರೂ ದುರಾಸೆಯವರೆಂದು ಜರೆಯಲಿಲ್ಲ. ‘ಹುಡುಗ ಚುರುಕು, ಮುಂದೆ ಬಂದ’ ಎಂದು ಊರಿನ ಜಾತ್ರೆಯಲ್ಲಿ ಬೆನ್ನು ತಟ್ಟಿದರು. ಗಾದೆ ಎಲ್ಲರಿಗೂ ಒಂದೇ. ಆದರೆ ಅದನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳದೆ ಬಿಡಬೇಕು ಎಂಬುದನ್ನು ಸಮಾಜ ಬೇರೆಯೇ ಲೆಕ್ಕ ಹಾಕಿ ತೀರ್ಮಾನಿಸುತ್ತದೆ.

ಈ ಮಾತು ಈಗ ನೆನಪಾಗಲು ಕಾರಣವುಂಟು. ಈಚೆಗೆ ನಮ್ಮ ಓದುಗರ ಕೂಟದಲ್ಲಿ ಒಬ್ಬ ಗೃಹಿಣಿ ಒಂದು ಪ್ರಶ್ನೆ ಎತ್ತಿದರು: “ನಮ್ಮ ದೊಡ್ಡ ದೊಡ್ಡ ಕಾದಂಬರಿಗಳಲ್ಲಿ ಏನಾದರೂ ಆಗಬೇಕೆಂದು ಆಸೆಪಟ್ಟವರೆಲ್ಲ ಯಾಕೆ ಹಾಳಾಗಿ ಹೋಗುತ್ತಾರೆ? ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳ ಕೈಗೆ ಇಂಥ ಪುಸ್ತಕ ಕೊಟ್ಟರೆ ಅವರು ಕಲಿಯುವುದೇನು?” ಕೂಟದಲ್ಲಿ ನಗು ಎದ್ದಿತು. “ಸಾಹಿತ್ಯ ಸಮಾಜದ ಕನ್ನಡಿಯಲ್ಲವೇನಮ್ಮ?” ಎಂದರೊಬ್ಬರು. ಅಷ್ಟರಲ್ಲಿ ಚಹಾ ಬಂತು, ಪ್ರಶ್ನೆ ಅಲ್ಲಿಗೇ ನಿಂತಿತು. ಆದರೆ ಮನೆಗೆ ಬಂದ ಮೇಲೂ ಅದು ನಮ್ಮನ್ನು ಬಿಡಲಿಲ್ಲ. ಕನ್ನಡಿಯ ಮಾತು ಸವೆದ ನಾಣ್ಯ. ಅದರಿಂದ ಆ ತಾಯಿಗೆ ಉತ್ತರ ದೊರೆತಂತಾಗಲಿಲ್ಲ. ಆದ್ದರಿಂದ ಕಪಾಟಿನಿಂದ ಕೆಲವು ಕೃತಿಗಳನ್ನು ಕೆಳಗಿಳಿಸಿ ಮತ್ತೆ ಓದಿದೆವು. ಓದಿದಂತೆ ನಮಗೆ ಹೊಳೆದದ್ದನ್ನು ಇಲ್ಲಿ ಸಹೃದಯರ ಮುಂದಿಡುತ್ತಿದ್ದೇವೆ.

ಚೋಮನ ಆಸೆ

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಪುಟಗಳ ಲೆಕ್ಕದಲ್ಲಿ ಸಣ್ಣ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಆ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಚೋಮನಾಗಿ ಅಭಿನಯಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಹೀಗಾಗಿ ಪುಸ್ತಕ ಓದದವರಿಗೂ ಕತೆಯ ಪರಿಚಯ ಇದ್ದೇ ಇರುತ್ತದೆ.

ಚೋಮ ದಕ್ಷಿಣ ಕನ್ನಡದ ಒಂದು ಹಳ್ಳಿಯ ಅಸ್ಪೃಶ್ಯ, ಸಂಕಪ್ಪಯ್ಯನ ಮೂಲದಾಳು. ಕಾಡಿನಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಎರಡು ಎತ್ತುಗಳು ಅವನಿಗೆ ಸಿಕ್ಕಿವೆ, ಸಾಕಿಕೊಂಡಿದ್ದಾನೆ. ಎತ್ತು ಇದ್ದ ಮೇಲೆ ಒಂದು ತುಂಡು ಭೂಮಿ ಬೇಕು, ತಾನೂ ಬೇಸಾಯಗಾರನಾಗಬೇಕು – ಇಷ್ಟೇ ಅವನ ಆಸೆ. ಅದರ ಅಳತೆಯನ್ನು ಗಮನಿಸಬೇಕು. ಅವನು ಕೇಳುವುದು ದಾನವಲ್ಲ, ಪದವಿಯಲ್ಲ, ಒಡೆಯನ ಸರಿಸಮನಾಗಿ ಕೂರುವ ಜಾಗವೂ ಅಲ್ಲ. ದುಡಿಯಲು ಅನುಮತಿ ಕೇಳುತ್ತಾನೆ. ಅದೂ ಅವನಿಗೆ ಹೊಸ ಕೆಲಸವಲ್ಲ. ಹುಟ್ಟಿದಂದಿನಿಂದ ಅವನು ಗದ್ದೆಯ ಕೆಸರಿನಲ್ಲೇ ಇದ್ದಾನೆ. ಅದೇ ಕೈ, ಅದೇ ಕೆಸರು. ಒಡೆಯನ ಗದ್ದೆಯಲ್ಲಿ ದುಡಿದರೆ ಅದು ಸ್ವಧರ್ಮ, ತನ್ನದೆಂದು ದುಡಿದರೆ ಅಧರ್ಮ!

ಈ ‘ಅಧರ್ಮ’ವೆಂಬ ತೀರ್ಪು ಬರುವುದಾದರೂ ಎಲ್ಲಿಂದ? ಇಲ್ಲಿಯೇ ಕಾರಂತರ ಹಿರಿಮೆಯಿದೆ. ಸಂಕಪ್ಪಯ್ಯನನ್ನು ಅವರು ರಾಕ್ಷಸನನ್ನಾಗಿ ಮಾಡಲಿಲ್ಲ. ಅವನ ಮನಸ್ಸು ಒಂದು ಗಳಿಗೆ ಚೋಮನ ಕಡೆಗೆ ವಾಲುತ್ತದೆ ಕೂಡ. ಅಡ್ಡ ಬರುವವಳು ಅವನ ತಾಯಿ. ಅವಳೂ ಕ್ರೂರಿಯಲ್ಲ, ಅಜ್ಜ ಮುತ್ತಜ್ಜಂದಿರ ಕಾಲದಿಂದ ನಡೆದು ಬಂದದ್ದನ್ನು ಮುರಿಯಬಾರದೆಂಬ ಭಯಭಕ್ತಿ ಅವಳದು. ಒಡೆಯ ತಾಯಿಯ ಮಾತು ಮೀರಲಾರ, ಚೋಮ ಒಡೆಯನ ಮಾತು ಮೀರಲಾರ. ಇಲ್ಲಿ ಚಾಟಿಯಿಲ್ಲ, ಬಂದೂಕಿಲ್ಲ. ಸಜ್ಜನರೇ ಆದ ನಾಲ್ಕು ಜನ ಜಗಲಿಯಲ್ಲಿ ಕುಳಿತು, ತಲೆತಲಾಂತರದ ಪದ್ಧತಿಯ ಹೆಸರಿನಲ್ಲಿ, ಒಬ್ಬ ಮನುಷ್ಯನ ಬಾಳನ್ನು ಮುಗಿಸಿಬಿಡುತ್ತಾರೆ. ಅನ್ಯಾಯವೆಂದರೆ ದುಷ್ಟರ ಕೆಲಸ ಎಂದು ನಂಬಿ ನೆಮ್ಮದಿಯಾಗಿರುವ ನಮ್ಮಂಥವರಿಗೆ ಈ ಭಾಗ ಓದುವಾಗ ಕಸಿವಿಸಿಯಾಗುತ್ತದೆ, ಆಗಲೂಬೇಕು.

ಮುಂದಿನದು ಗೊತ್ತಿದ್ದದ್ದೇ. ತೋಟದ ಧಣಿಯ ಅಲ್ಪ ಸಾಲ ತೀರಿಸಲು ದೊಡ್ಡ ಮಕ್ಕಳಿಬ್ಬರು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿ ಮತಾಂತರ ಹೊಂದುತ್ತಾನೆ. ಆಮೇಲೆ ಮಗಳು ಬೆಳ್ಳಿ ಹೋಗುತ್ತಾಳೆ. ಅವಳ ಮಾನದ ಬೆಲೆಗೆ ಸಾಲ ಹರಿಯುತ್ತದೆ. ಎಳೆಯ ಮಗನೊಬ್ಬ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆಯೆಂದು ದಡದಲ್ಲಿದ್ದವರು ಕೈ ಚಾಚುವುದಿಲ್ಲ. ಭೂಮಿ ಸಿಗುವುದಾದರೆ ತಾನೂ ಮತ ಬದಲಿಸೋಣವೆಂದು ಹೊರಟ ಚೋಮನನ್ನು ಅವನ ಮನೆದೈವದ ನಂಬಿಕೆಯೇ ಹಿಂದಕ್ಕೆ ಎಳೆಯುತ್ತದೆ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲ ಬಾಗಿಲು ಮುಚ್ಚಿ, ದುಡಿ ಬಾರಿಸುತ್ತ ಬಾರಿಸುತ್ತ ಅವನು ಸಾಯುತ್ತಾನೆ.

ಒಂದು ಆಕ್ಷೇಪವನ್ನೂ ಇಲ್ಲಿ ಹೇಳಿಬಿಡಬೇಕು. ಚೋಮನ ಆಸೆಗೆ ಹೆಚ್ಚಿನ ಬೆಲೆ ತೆತ್ತವಳು ಬೆಳ್ಳಿ. ಒಡೆಯ ಚೋಮನಿಗೆ ಮಾಡಿದ್ದನ್ನು ಚೋಮ, ತನ್ನ ಅಂಕೆಯಲ್ಲಿದ್ದಷ್ಟು ಮಟ್ಟಿಗೆ, ಬೆಳ್ಳಿಗೆ ಮಾಡುತ್ತಾನೆ: ಅವಳಿಗೂ ಒಂದು ಸುಖದ ಬಯಕೆ ಇರಬಹುದೆಂದು ಅವನಿಗೆ ಹೊಳೆಯುವುದಿಲ್ಲ. ತೋಟದ ರೈಟರ್ ಮನ್ವೇಲನ ಜೊತೆ ಅವಳನ್ನು ಕಂಡಾಗ ಅವನ ಕೋಪವೆಲ್ಲ ಅವಳ ಮೇಲೆ ಎರಗುತ್ತದೆ. ಕಾದಂಬರಿಕಾರರು ಇದನ್ನು ಕಂಡಿದ್ದಾರೆ, ಆದರೆ ಅದರ ಒಳಗೆ ಹೊಕ್ಕಿಲ್ಲ. ದುಡಿಯ ಸದ್ದು ನಮ್ಮ ಕಿವಿ ತುಂಬುತ್ತದೆ. ಬೆಳ್ಳಿಯ ದನಿ ಕೇಳುವುದು ಕಡಿಮೆ.

ಚೋಮ ಕಾಲ್ಪನಿಕ ಪಾತ್ರ. ಆದರೂ ಒಂದು ಲೆಕ್ಕ ಹಾಕಿ ನೋಡಿದೆವು. ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂತು. ದೇವರಾಜ ಅರಸರ ಕಾಲದ ಆ ಕಾನೂನಿನಿಂದ ಉಳುವವನೇ ಹೊಲದೊಡೆಯನಾದ. ಕರಾವಳಿಯಿಂದ ಬಂದ ನಮ್ಮ ಸದಸ್ಯರಲ್ಲಿ ಕೆಲವರ ಮನೆಗೆ ಅದರಿಂದ ಗದ್ದೆ ಬಂತು, ಕೆಲವರ ಮನೆಯಿಂದ ಗದ್ದೆ ಹೋಯಿತು. ಈಗಲೂ ಆ ಮಾತೆತ್ತಿದರೆ ಒಂದೇ ಪಂಕ್ತಿಯಲ್ಲಿ ಎರಡು ಬಗೆಯ ಮುಖ ಕಾಣುತ್ತದೆ. ಆದರೆ ಆ ಕಾನೂನು ಮುಖ್ಯವಾಗಿ ಗೇಣಿದಾರರಿಗೆ. ಚೋಮ ಗೇಣಿದಾರನೂ ಆಗಿರಲಿಲ್ಲ. ಗೇಣಿಗೂ ಅವನಿಗೆ ಭೂಮಿ ಕೊಟ್ಟಿರಲಿಲ್ಲವಲ್ಲ! ಹಿಂದೆ ಉಳಲು ಬಿಡದ ತಪ್ಪಿಗೆ, ಮುಂದೆ ಉಳುವವನೆಂಬ ಪಟ್ಟಿಯಲ್ಲೂ ಅವನಂಥವರಿಗೆ ಜಾಗವಿಲ್ಲ. 1933ರ ಕಾದಂಬರಿಯೊಂದು 1974ರ ಕಾನೂನು ತಲುಪಲಾರದ ಮೂಲೆಯನ್ನು ಮುಂಚಿತವಾಗಿ ತೋರಿಸಿತ್ತು ಎಂದರೆ, ಸಾಹಿತ್ಯ ಮಾಡುವ ಕೆಲಸ ಬರೀ ಕನ್ನಡಿಯ ಕೆಲಸವಲ್ಲವೆಂದು ತಿಳಿಯುತ್ತದೆ.

ಐತಾಳರ ಮನೆಯ ಆಸೆ

ಚೋಮನಿಗೆ ಆಸೆಪಡುವುದೇ ತಪ್ಪಾಯಿತು. ಆಸೆಪಡಲು ಪೂರ್ಣ ಅಧಿಕಾರ ಇದ್ದವರ ಮನೆಯಲ್ಲಿ ಏನಾಗುತ್ತದೆ? ಅದನ್ನು ತಿಳಿಯಲು ಕಾರಂತರದೇ ಇನ್ನೊಂದು ಕಾದಂಬರಿಗೆ ಬರಬೇಕು. 1940ರ ದಶಕದ ಮೊದಲಲ್ಲಿ ಬಂದ ‘ಮರಳಿ ಮಣ್ಣಿಗೆ’ ಕೋಡಿ ಎಂಬ ಹಳ್ಳಿಯ ಬ್ರಾಹ್ಮಣ ಕುಟುಂಬವೊಂದರ ಮೂರು ತಲೆಮಾರಿನ ಕತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಡುವೆ ಪೌರೋಹಿತ್ಯ, ಒಂದಿಷ್ಟು ಗದ್ದೆ.

ನಮ್ಮ ಓದುಗರಲ್ಲಿ ಹೊಟೇಲು ಉದ್ಯಮದವರು ಅನೇಕರಿದ್ದಾರೆ. ಅವರು ಈ ಕಾದಂಬರಿಯನ್ನು ಓದಿರದಿದ್ದರೆ ಒಮ್ಮೆ ಅಗತ್ಯ ಓದಬೇಕು. ನೆರೆಮನೆಯ ಶೀನಮಯ್ಯನ ಮಕ್ಕಳು ಬೆಂಗಳೂರಿಗೆ ಹೋಗಿ ಹೊಟೇಲಿನಿಂದ ಹಣ ಮಾಡುತ್ತಾರೆ. ರಾಮ ಐತಾಳರಿಗೆ ಅದು ಒಳಗೊಳಗೇ ಕುಟುಕುತ್ತದೆ. ಅವರು ಹೊಟೇಲನ್ನು ಹೀನ ವೃತ್ತಿಯೆಂದು ಬಗೆದು, ಮಗ ಲಚ್ಚನನ್ನು ಇಂಗ್ಲಿಷು ಕಲಿಯಲು ಕುಂದಾಪುರಕ್ಕೆ ಕಳಿಸುತ್ತಾರೆ. ಎರಡು ಮನೆಗಳ ನಡುವಿನ ಈ ಪೈಪೋಟಿಯನ್ನು ಕಾರಂತರು ಹಾಸ್ಯ ಬೆರೆಸಿ ಬರೆದಿದ್ದಾರೆ. ಇಂಥ ಪೈಪೋಟಿಯನ್ನು ನಾವು ಊರಿನಲ್ಲೂ ಕಂಡಿದ್ದೇವೆ, ಮುಂಬಯಿಯ ಚಾಳುಗಳಲ್ಲೂ ಕಂಡಿದ್ದೇವೆ. ಪಕ್ಕದ ಖೋಲಿಗೆ ಫ್ರಿಜ್ಜು ಬಂದ ದಿನ ನಮ್ಮ ಮನೆಯಲ್ಲಿ ನಡೆದ ಮಾತುಕತೆಯನ್ನು ನೆನೆದುಕೊಂಡರೆ ಸಾಕು.

ಲಚ್ಚ ಓದುತ್ತಾನೆ, ಕೆಡುತ್ತಾನೆ. ಪೇಟೆಯ ದುಶ್ಚಟಗಳಿಗೆ ಬಿದ್ದು ಆಸ್ತಿಯನ್ನೂ ಹೆಂಡತಿ ನಾಗವೇಣಿಯ ಬಾಳನ್ನೂ ಹಾಳುಗೆಡವುತ್ತಾನೆ. ಚೋಮನನ್ನು ಹಾಳುಮಾಡಿದ್ದು ಎಲ್ಲರೂ ‘ಬೇಡ’ ಎಂದದ್ದು; ಲಚ್ಚನನ್ನು ಹಾಳುಮಾಡಿದ್ದು ಯಾರೂ ‘ಬೇಡ’ ಎನ್ನದೆ ಹೋದದ್ದು. ಅದೇ ಜಿಲ್ಲೆ, ಅದೇ ಲೇಖಕ, ನಡುವೆ ಹತ್ತು ವರ್ಷವೂ ಇಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನಮಗೆ ಕಂಡದ್ದು ಇದು: ಆಸೆಯೆಂಬುದು ಒಂದೇ ಪದವಾದರೂ ಸಮಾಜ ಅದಕ್ಕೆ ಎರಡು ತಕ್ಕಡಿ ಇಟ್ಟುಕೊಂಡಿದೆ.

ಹಾಗಾದರೆ ಈ ಮನೆಯ ಗಂಡಸರ ಆಸೆಗೆ ಬೆಲೆ ತೆತ್ತವರಾರು? ಪಾರೋತಿ, ಸರಸೋತಿ, ಸತ್ಯಭಾಮೆ, ನಾಗವೇಣಿ. ಒಬ್ಬಳು ಮಕ್ಕಳಿಲ್ಲದ ಮೊದಲ ಹೆಂಡತಿ, ಒಬ್ಬಳು ವಿಧವೆಯಾದ ತಂಗಿ, ಒಬ್ಬಳು ಎರಡನೆಯ ಹೆಂಡತಿ, ಒಬ್ಬಳು ಸೊಸೆ. ಗದ್ದೆಯ ಕೆಲಸ, ಮನೆಯ ಕೆಲಸ, ಮಳೆಗಾಲಕ್ಕೆ ಸೌದೆ ಕೂಡಿಡುವ ಕೆಲಸ ಎಲ್ಲ ಅವರದು. ಅವರಿಗೂ ಏನಾದರೂ ಬೇಕಾಗಿತ್ತೇ ಎಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕಾದಂಬರಿ ಮಾತ್ರ ಕೇಳುತ್ತದೆ. ‘ಚೋಮನ ದುಡಿ’ಯಲ್ಲಿ ಬೆಳ್ಳಿಯ ವಿಷಯದಲ್ಲಿ ಉಳಿದುಹೋದ ಬಾಕಿಯನ್ನು ಕಾರಂತರು ಇಲ್ಲಿ ಬಡ್ಡಿಸಮೇತ ತೀರಿಸಿದ್ದಾರೆ ಎಂದು ನಮ್ಮ ಅಭಿಪ್ರಾಯ. ಈ ಹೆಂಗಸರ ದುಡಿಮೆಯನ್ನು ಇಷ್ಟು ಸಾವಧಾನವಾಗಿ, ಇಷ್ಟು ಗೌರವದಿಂದ ಚಿತ್ರಿಸಿದ ಕೃತಿಗಳು ನಮ್ಮಲ್ಲಿ ಹೆಚ್ಚಿಲ್ಲ.

ಮೂರನೆಯ ತಲೆಮಾರಿನ ರಾಮ ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯ ಚಳವಳಿ ಸೇರಿ, ಕೆಲಸ ಹುಡುಕಿಕೊಂಡು ಮುಂಬಯಿಗೂ ಬರುತ್ತಾನೆ. ಕೊನೆಗೆ ಊರಿಗೆ ಮರಳಿ ಮಣ್ಣನ್ನು ನಂಬುತ್ತಾನೆ. ಈ ಮುಕ್ತಾಯ ಹಿತವಾಗಿದೆ. ಊರ ನೆನಪಿನ ನಮಗಂತೂ ಬಲು ಹಿತ. ಆದರೆ ರಾಮನಿಗೆ ಮರಳಲು ಮಣ್ಣಿತ್ತು. ಚೋಮನ ಮಗ ಮುಂಬಯಿಗೆ ಬಂದಿದ್ದರೆ ಅವನು ಯಾವ ಮಣ್ಣಿಗೆ ಮರಳಬೇಕು? ಈ ಪ್ರಶ್ನೆಯನ್ನು ಕಾದಂಬರಿ ಎತ್ತುವುದಿಲ್ಲ. ಎರಡನ್ನೂ ಓದಿದ ನಾವು ಎತ್ತಿಕೊಳ್ಳಬೇಕಾಗುತ್ತದೆ.

ನಾಗಪ್ಪನ ಆಸೆ

ಊರಿಗೆ ಮರಳದೆ ಇಲ್ಲೇ ಉಳಿದವರ ಕತೆ ಬೇಕಾದರೆ ಯಶವಂತ ಚಿತ್ತಾಲರ ಬಳಿಗೆ ಬರಬೇಕು. ಚಿತ್ತಾಲರು (1928–2014) ಉತ್ತರ ಕನ್ನಡದ ಹನೇಹಳ್ಳಿಯವರು, ರಾಸಾಯನಿಕ ಉದ್ದಿಮೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ಮುಂಬಯಿಯಲ್ಲೇ ಬಾಳು ಸವೆಸಿದವರು. ‘ಶಿಕಾರಿ’ ಬಂದದ್ದು 1979ರಲ್ಲಿ. ಅದರ ನಾಯಕ ನಾಗಪ್ಪನೂ ಅವರಂತೆಯೇ ಕರಾವಳಿಯ ಹಳ್ಳಿಯಿಂದ ಬಂದು, ಓದಿ, ಮುಂಬಯಿಯ ರಾಸಾಯನಿಕ ಕಂಪನಿಯಲ್ಲಿ ಅಧಿಕಾರಿಯಾದವನು. ಅಂದರೆ ಊರಿನ ಭಾಷೆಯಲ್ಲಿ ‘ಮುಂದೆ ಬಂದ ಹುಡುಗ’.

ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ಸಸ್ಪೆಂಡು ಮಾಡುತ್ತಾರೆ. ಆರೋಪವೇನೆಂಬುದು ಸ್ಪಷ್ಟವಿಲ್ಲ. ವಿಚಾರಣೆ ನಡೆಯಲಿದೆ, ಆದರೆ ಯಾತರ ವಿಚಾರಣೆ? ಮೇಲಧಿಕಾರಿ ಫಿರೋಜ್ ಬಂದೂಕವಾಲಾ ಒಂದು ಕಡೆ, ತನ್ನ ಊರಿನ ಕಡೆಯವನೇ ಆದ ಶ್ರೀನಿವಾಸ ಇನ್ನೊಂದು ಕಡೆ. ಯಾರು ಬೇಟೆಗಾರ, ಯಾರು ಮಿಗ ಎಂದು ತಿಳಿಯದ ಸ್ಥಿತಿ. ಕಾಡಿನಲ್ಲಿ ಹೊಟ್ಟೆಗಾಗಿ ಬೇಟೆಯಾದರೆ ಆಫೀಸಿನಲ್ಲಿ ಕುರ್ಚಿಗಾಗಿ ಬೇಟೆ.

ಈ ಕಾದಂಬರಿಯಲ್ಲಿ ಹಸಿವಿಲ್ಲ, ಅಸ್ಪೃಶ್ಯತೆಯಿಲ್ಲ. ಹಾಗೆಂದು ಅನ್ಯಾಯ ಇಲ್ಲವೆನ್ನಲಾದೀತೇ? ಚೋಮನಿಗೆ ಏಣಿಯ ಬಳಿಗೇ ಬರಗೊಡಲಿಲ್ಲ. ನಾಗಪ್ಪನಿಗೆ ಏಣಿ ಹತ್ತಲು ಬಿಟ್ಟರು. ನಡುಮೆಟ್ಟಿಲಿಗೆ ಬಂದಾಗ ಅದನ್ನು ಅಲುಗಾಡಿಸತೊಡಗಿದರು. ಚಿತ್ತಾಲರ ಸಾಮರ್ಥ್ಯವಿರುವುದು ಆ ಅಲುಗಾಟದ ಭಯವನ್ನು ಒಳಗಿನಿಂದ ಬರೆಯುವುದರಲ್ಲಿ. ಮೇಲಿನವರ ಕೋಣೆಯ ಬಾಗಿಲು ಮುಚ್ಚಿದಾಗ ಆಗುವ ಎದೆಬಡಿತ, ಎದುರಿಗೆ ಬಂದವರು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಖಾಸಗಿ ಕಂಪನಿಯಲ್ಲಿ ದುಡಿದವರಿಗೆ ಈ ಪುಟಗಳಿಗೆ ಭಾಷ್ಯ ಬೇಕಾಗಿಲ್ಲ. ಅದರಲ್ಲೂ ಊರಿನ ಕಡೆಯವನೇ ಬಲೆ ಹಿಡಿದು ನಿಂತದ್ದು ಪರವೂರಿನ ಕನ್ನಡಿಗರಾದ ನಮ್ಮ ಎದೆಗೆ ನೇರವಾಗಿ ತಾಗುತ್ತದೆ. ‘ನಮ್ಮವರು’ ಎಂಬ ಪದವನ್ನು ನಾವು ಸಂಘದ ಸಭೆಗಳಲ್ಲಿ ಎಷ್ಟು ಸಲೀಸಾಗಿ ಬಳಸುತ್ತೇವೆ!

ನಾಗಪ್ಪನ ಬಗ್ಗೆ ನಮಗೆ ಮರುಕ ಹುಟ್ಟುತ್ತದೆ, ಆದರೆ ಅವನು ಬರೀ ಮುಗ್ಧನೆಂದು ಓದಿದರೆ ಕಾದಂಬರಿಗೆ ಮೋಸ ಮಾಡಿದಂತೆ. ಅವನೂ ಆಟಕ್ಕೆ ಇಳಿದವನೇ. ಮೇಲೇರುವ ಆಸೆ ಅವನಿಗೂ ಇದ್ದದ್ದೇ. ಅನ್ಯರ ಸಂಚನ್ನು ಊಹಿಸುತ್ತ ಊಹಿಸುತ್ತ ತನ್ನೊಳಗಿನ ಬೇಟೆಗಾರನನ್ನೂ ಅವನು ಕಾಣಬೇಕಾಗುತ್ತದೆ. ಅದರ ಮಿತಿಯೆಂದರೆ, ನೋಟವೆಲ್ಲ ಬಹುಮಟ್ಟಿಗೆ ನಾಗಪ್ಪನ ಮನಸ್ಸಿನೊಳಗೇ ಸುತ್ತುತ್ತದೆ. ಮೂರನೆಯ ಪಾಳಿಯ ಕಾರ್ಮಿಕ, ಗೇಟಿನ ಕಾವಲುಗಾರ, ಕ್ಯಾಂಟೀನಿನ ಹುಡುಗ ಇವರ ಆಸೆಗಳೇನು? ಈ ನಗರದ ಕಾರ್ಮಿಕರನ್ನೂ ಮಾಲಿಕರನ್ನೂ ಎದುರುಬದುರಾಗಿ ನಿಲ್ಲಿಸಿ ನೋಡಬೇಕೆನ್ನುವವರು ವ್ಯಾಸರಾಯ ಬಲ್ಲಾಳರ ‘ಬಂಡಾಯ’ವನ್ನು ಕೈಗೆತ್ತಿಕೊಳ್ಳಬೇಕು. 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಪಡೆದ ಕೃತಿಯದು.

ಗೋಡೆಯ ಮೇಲಿನ ನವಿಲು

ಇಲ್ಲಿಯವರೆಗಿನ ಕೃತಿಗಳಲ್ಲಿ ಒಂದು ಕೊರತೆ ಉಳಿದೇ ಇದೆ. ಚೋಮನ ಕತೆಯನ್ನು ಬರೆದವರು ಚೋಮನ ಕೇರಿಯವರಲ್ಲ. ಕಾರಂತರ ಕಣ್ಣು ಪ್ರಾಮಾಣಿಕ, ಆದರೂ ಜಗಲಿಯಿಂದ ಅಂಗಳಕ್ಕಿಳಿದು ನೋಡಿದ ಕಣ್ಣು. ಗುಡಿಸಲ ಒಳಗಿನಿಂದಲೇ ಹೊರಗೆ ನೋಡುವ ಬರಹ ಕನ್ನಡದಲ್ಲಿ ಬಲವಾಗಿ ಬಂದದ್ದು 1970ರ ದಶಕದ ದಲಿತ-ಬಂಡಾಯ ಚಳವಳಿಯ ಜೊತೆಯಲ್ಲಿ. ಅದರಲ್ಲಿ ದೇವನೂರ ಮಹಾದೇವರ ‘ಒಡಲಾಳ’ವನ್ನು ನಾವು ಮತ್ತೆ ಮತ್ತೆ ಓದುತ್ತೇವೆ.

ಅದು ಸಾಕವ್ವ ಎಂಬ ಮುದುಕಿಯ ಮನೆಯ ಕತೆ. ಕಳೆದುಹೋದ ಹುಂಜಕ್ಕಾಗಿ ಅವಳು ಹುಡುಕಾಡುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕುಳಿತು, ಸಾಹುಕಾರನಲ್ಲಿಂದ ಕದ್ದು ತಂದ ಕಡಲೆಕಾಯಿಯನ್ನು ಬೆಳಗಾಗುವುದರೊಳಗೆ ತಿಂದು ಮುಗಿಸುತ್ತಾರೆ. ಬೆಳಗ್ಗೆ ಪೊಲೀಸರು ಬರುತ್ತಾರೆ. ಕತೆ ಇಷ್ಟೇ. ಆದರೆ ಆ ರಾತ್ರಿಯ ಊಟದಲ್ಲಿ ಎಂಥ ಸಡಗರ, ಎಂಥ ಮಾತು! ಬಡವರೆಂದರೆ ಸದಾ ಅಳುವವರು ಎಂದು ನಾವು ತಿಳಿದಿದ್ದರೆ ದೇವನೂರರು ಆ ತಿಳುವಳಿಕೆಯನ್ನು ಮೆಲ್ಲಗೆ ತೆಗೆದು ಬದಿಗಿಡುತ್ತಾರೆ. ಮೈಸೂರು ಸೀಮೆಯ ಆ ಆಡುನುಡಿ ಕರಾವಳಿಯವರಿಗೆ, ಧಾರವಾಡದ ಕಡೆಯವರಿಗೆ ಮೊದಲು ತೊಡರಬಹುದು. ನಾಲ್ಕು ಪುಟ ಗಟ್ಟಿಯಾಗಿ ಓದಿಕೊಂಡರೆ ಸರಿಹೋಗುತ್ತದೆ.

ಆ ಮನೆಯ ಹುಡುಗಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬಿಡಿಸುತ್ತಾಳೆ. ತಿನ್ನಲು ಇಲ್ಲದ ಮನೆಯಲ್ಲಿ ನವಿಲೇಕೆ ಎಂದು ಯಾರೂ ಅವಳನ್ನು ಕೇಳುವುದಿಲ್ಲ. ನಮಗೆ ಈ ಕೃತಿಯ ತಿರುಳು ಇಲ್ಲಿದೆ ಎನಿಸುತ್ತದೆ. ಹಸಿದವನಿಗೆ ಅನ್ನವೊಂದು ಸಿಕ್ಕರೆ ಸಾಕು ಎನ್ನುವುದೂ ಒಂದು ಬಗೆಯ ಅನ್ಯಾಯವೇ. ಅನ್ನದಾಚೆಗೆ ಅವನಿಗೆ ಬಯಕೆ ಇರಬಾರದೇ? ಚೋಮನಿಗೆ ಭೂಮಿಯ ಆಸೆ ಇತ್ತು. ಕೈ ಬರಿದಾದಾಗಲೆಲ್ಲ ಅವನು ದುಡಿ ಬಾರಿಸುತ್ತಿದ್ದ. ಪುಟ್ಟಗೌರಿ ಕೈಗೆ ಸಿಕ್ಕಿದ ಗೋಡೆಯ ಮೇಲೆ ನವಿಲು ಬಿಡಿಸಿದಳು. ಮನುಷ್ಯರಾದ ಮೇಲೆ ಇದೂ ಬೇಕು ಎಂಬ ಹಂಬಲ ಇಬ್ಬರದೂ.

ನಮ್ಮ ಮಾತು

ಇನ್ನು ನಮ್ಮ ಕಡೆಗೆ ತಿರುಗಬೇಕು. ತಿರುಗದೆ ಲೇಖನ ಮುಗಿಸಿದರೆ ಮನಸ್ಸು ಒಪ್ಪದು.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾವು ಹೋಗುತ್ತಿದ್ದ ಒಂದು ಸಂಘದ ಕಾರ್ಯಕಾರಿ ಸಭೆ ಹೊಟೇಲೊಂದರ ಮಹಡಿಯಲ್ಲಿ ನಡೆಯುತ್ತಿತ್ತು. ರಾಜ್ಯೋತ್ಸವಕ್ಕೆ ಕವಿಗೋಷ್ಠಿ ಏರ್ಪಡಿಸುವ ಚರ್ಚೆ. ನೀರಿನ ಗ್ಲಾಸು ತಂದಿಟ್ಟ ಕ್ಲೀನರ್ ಹುಡುಗ ಹೋಗದೆ ಬಾಗಿಲ ಬಳಿ ನಿಂತ. ಏನೆಂದು ಕೇಳಿದಾಗ ಅಂಗಿಯ ಜೇಬಿನಿಂದ ಮಡಚಿದ ಎರಡು ಹಾಳೆ ತೆಗೆದ. ಅವನು ರಾತ್ರಿಶಾಲೆಯಲ್ಲಿ ಓದುತ್ತಿದ್ದ. ಒಂದು ಪದ್ಯ ಬರೆದಿದ್ದೇನೆ, ಗೋಷ್ಠಿಯಲ್ಲಿ ಓದಬಹುದೇ ಎಂದು ಕೇಳಿದ. ನಮ್ಮಲ್ಲಿ ಹಿರಿಯರೊಬ್ಬರು – ಬಹಳ ಒಳ್ಳೆಯವರು, ಎಷ್ಟೋ ಹುಡುಗರಿಗೆ ಶಾಲೆಯ ಫೀಸು ಕೊಟ್ಟವರು – ನಗುತ್ತ, “ನಿನಗ್ಯಾಕೆ ಮಾರಾಯ ಅದೆಲ್ಲ? ಮೊದಲು ಟೇಬಲು ನೆಟ್ಟಗೆ ಒರೆಸಲು ಕಲಿ” ಎಂದರು. ಎಲ್ಲರೂ ನಕ್ಕೆವು. ಹುಡುಗನೂ ನಕ್ಕ. ಹಾಳೆ ಮಡಚಿ ಜೇಬಿಗಿಟ್ಟು, ಖಾಲಿ ಗ್ಲಾಸುಗಳನ್ನು ಎತ್ತಿಕೊಂಡು ಇಳಿದು ಹೋದ. ಸಭೆ ಮುಂದುವರಿಯಿತು. ಆ ಪದ್ಯದಲ್ಲಿ ಏನಿತ್ತೋ ನಮಗೆ ತಿಳಿಯದು. ಅವನ ಹೆಸರನ್ನೂ ನಾವು ಕೇಳಲಿಲ್ಲ.

ಈ ಸಲ ‘ಚೋಮನ ದುಡಿ’ ಓದುವಾಗ ಸಂಕಪ್ಪಯ್ಯನ ತಾಯಿಯ ಪ್ರಸಂಗದಲ್ಲಿ ನಮಗೆ ಆ ಮಹಡಿ ನೆನಪಾಯಿತು. ಅಲ್ಲಿಯೂ ಚಾಟಿ ಇರಲಿಲ್ಲ. ಅಲ್ಲಿಯೂ ಸಜ್ಜನರೇ ಕುಳಿತಿದ್ದರು, ಅವರಲ್ಲಿ ನಾವೂ ಒಬ್ಬರು. ಮುಂಬಯಿಯ ಎಷ್ಟೋ ಕನ್ನಡಿಗರು ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರು. ಆ ಹುಡುಗನ ಆಸೆ ಏನೆಂದು ನಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದರು? ಬಲ್ಲವರೇ ನಕ್ಕೆವು. ಏಣಿ ಹತ್ತಿದವರಿಗೆ ಕೆಳಗಿನ ಮೆಟ್ಟಿಲು ಮರೆಯುವುದು ಎಷ್ಟು ಸುಲಭ!

ಆ ಗೃಹಿಣಿಯ ಪ್ರಶ್ನೆಗೆ ಈಗ ನಮ್ಮಿಂದಾದ ಉತ್ತರ ಕೊಡುತ್ತೇವೆ. ತಾಯಿ, ಈ ಪುಸ್ತಕಗಳಲ್ಲಿ ಆಸೆಪಟ್ಟವರೆಲ್ಲ ಆಸೆಯಿಂದಲೇ ಕೆಡಲಿಲ್ಲ. ಚೋಮ ಕೆಟ್ಟದ್ದು ಅವನ ಆಸೆಗೆ ಇತರರ ಅಪ್ಪಣೆ ಬೇಕಾಗಿದ್ದರಿಂದ. ಲಚ್ಚ ಕೆಟ್ಟದ್ದು ಅವನ ಆಸೆಯ ಖರ್ಚನ್ನು ಮನೆಯ ಹೆಂಗಸರು ಸದ್ದಿಲ್ಲದೆ ಹೊತ್ತಿದ್ದರಿಂದ. ನಾಗಪ್ಪ ಕಂಗೆಟ್ಟದ್ದು ಒಬ್ಬನ ಏಳಿಗೆ ಇನ್ನೊಬ್ಬನ ಬೀಳುವಿಕೆಯೆಂದು ನಂಬಿದ ಜಾಗದಲ್ಲಿ ಸಿಕ್ಕಿಕೊಂಡಿದ್ದರಿಂದ. ‘ಆಸೆ ಪಡಬೇಡ’ ಎಂಬ ಉಪದೇಶ ಈ ಲೇಖಕರಲ್ಲಿ ಯಾರದೂ ಅಲ್ಲ. ನಿನ್ನ ಆಸೆಗೆ ಬೆಲೆ ಕೊಡುತ್ತಿರುವವರು ಯಾರು, ನಿನ್ನ ಮಾತಿನಿಂದ ಯಾರ ಆಸೆ ಮುರಿಯುತ್ತಿದೆ ಎಂದು ತಿರುಗಿ ನೋಡು ಎಂದಷ್ಟೇ ಅವರು ಹೇಳುತ್ತಾರೆ. ಪರೀಕ್ಷೆಯ ಅಂಕ, ಒಳ್ಳೆಯ ಕೆಲಸ, ಪರದೇಶದ ವೀಸಾ ಎಂದು ಓಡುತ್ತಿರುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಬೇರೆ ಯಾರೂ ಇಲ್ಲ. ಆದ್ದರಿಂದ ಅವಶ್ಯವಾಗಿ ಕೊಡಿ. ಲಿಪಿ ಬಾರದ ಮಕ್ಕಳಿಗೆ ರಾತ್ರಿ ಊಟವಾದ ಮೇಲೆ ಹತ್ತು ಹತ್ತು ಪುಟ ನೀವೇ ಓದಿ ಹೇಳಿ.

ಕೊನೆಯದಾಗಿ ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿನಂತಿ. ಈ ಸಲದ ರಾಜ್ಯೋತ್ಸವದ ಕವಿಗೋಷ್ಠಿಗೆ ಹೆಸರು ಬರೆದುಕೊಳ್ಳುವಾಗ, ಸಭಾಗೃಹದ ಹಿಂದೆ ಚಹಾ ಹಂಚುವವರನ್ನೂ ಒಮ್ಮೆ ಕೇಳಿ. ಹಾಳೆ ಮಡಚಿ 
ಜೇಬಿನಲ್ಲಿಟ್ಟುಕೊಂಡವರು ಅವರಲ್ಲಿ ಯಾರಾದರೂ ಇದ್ದಾರು.